ವೈದ್ಯಪತ್ರಿಕೆಗಳ ಸಂಪಾದಕಪೀಠದಲ್ಲಿ ಸ್ತ್ರೀಯರು

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ವೈದ್ಯರು ಚೀಟಿ ಬರೆದುಕೊಡುವರು. ನಾವು ಔಷಧವನ್ನು ತಂದು ನುಂಗುವೆವು. ಅದರ ಪ್ರಮಾಣವನ್ನು ಗೊತ್ತುಮಾಡಿದವರಾರೆಂದು ವಿಚಾರಿಸುವ ಗೊಡವೆಗೆ ನಾವು ಹೋಗುವುದಿಲ್ಲ. ಪ್ರಯೋಗಗಳ ಫಲವು ವೈದ್ಯಪತ್ರಿಕೆಗಳಲ್ಲಿ ಅಚ್ಚಾದ ಮೇಲೆಯೇ ದೇಶದೇಶದ ವೈದ್ಯರಿಗೆ ಅದು ಆಧಾರವಾಗುವುದು. ಯಾವುದನ್ನು ಅಚ್ಚುಹಾಕಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂಬುದು ಸಂಪಾದಕರ ಕೈಯಲ್ಲಿರುವುದಷ್ಟೆ. ಆ ಪೀಠವು ಬಹುಕಾಲ ಪುರುಷರದೇ ಆಗಿದ್ದಿತು.

ಇಂಗ್ಲೆಂಡಿನ ವೃತ್ತಾಂತವನ್ನೇ ನೋಡೋಣ. ಅಲ್ಲಿನ ವೈದ್ಯರ ದೊಡ್ಡ ಸಂಘವು 1873ರಲ್ಲಿ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಎಂಬ ವೈದ್ಯೆಯನ್ನು ಸೇರಿಸಿಕೊಂಡಿತು. 1878ರಲ್ಲಿ, ಇನ್ನು ಹೆಂಗಸರು ಬೇಡವೆಂದು ನಿರ್ಣಯಿಸಿತು! 1892ರ ವರೆಗೆ ಆಕೆಯೊಬ್ಬರೇ ಸದಸ್ಯೆ. ಆ ಸಂಘದ ಮುಖವಾಣಿಯಾದ ಬ್ರಿಟಿಷ್ ಮೆಡಿಕಲ್ ಜರ್ನಲ್ 1840ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿತು. ಅದಕ್ಕೆ ಫಿಯೋನಾ ಗಾಡ್ಲೀ ಎಂಬವರು ಪ್ರಥಮ ಸ್ತ್ರೀಸಂಪಾದಕರಾದದ್ದು 2005ರಲ್ಲಿ. ಲ್ಯಾನ್ಸೆಟ್ ಪತ್ರಿಕೆಯಲ್ಲಾದರೋ, 1823ರಿಂದ 2023ರ ವರೆಗಿನ ಇನ್ನೂರು ವರ್ಷಗಳಲ್ಲಿ ಒಬ್ಬ ಸ್ತ್ರೀಯೂ ಪ್ರಧಾನ ಸಂಪಾದಕರಾಗಲಿಲ್ಲ. ಅಮೆರಿಕದಲ್ಲಿ 1812ರಲ್ಲಿ ಆರಂಭವಾದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಗೆ 1999ರಲ್ಲಿ ಮಾರ್ಷಿಯಾ ಏಂಜೆಲ್ ಬಂದರು, ಅದೂ ತಾತ್ಕಾಲಿಕವಾಗಿ.

ಬರೆಯುವ ಸ್ತ್ರೀಯರೇ ಇರಲಿಲ್ಲವೆಂದು ಹೇಳುವಂತಿಲ್ಲ. ಅಮೆರಿಕದ ಆರು ಪತ್ರಿಕೆಗಳನ್ನು ಪರಿಶೀಲಿಸಿದವರು ಕಂಡಂತೆ, ಅಲ್ಲಿನ ವೈದ್ಯರು ಬರೆದ ಲೇಖನಗಳ ಮೊದಲ ಲೇಖಕರಲ್ಲಿ ಸ್ತ್ರೀಯರು 1970ರಲ್ಲಿ ನೂರಕ್ಕೆ 6ರಷ್ಟಿದ್ದವರು 2004ರಲ್ಲಿ 29ರಷ್ಟಾದರು. ಆದರೂ 2021ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ, ಪ್ರಮುಖ ವೈದ್ಯಪತ್ರಿಕೆಗಳ ಪ್ರಧಾನ ಸಂಪಾದಕರಲ್ಲಿ ಸ್ತ್ರೀಯರು ಐವರಲ್ಲಿ ಒಬ್ಬರು ಮಾತ್ರ.

ಇದು ಗೌರವಸ್ಥಾನದ ಹಂಚಿಕೆಯ ಮಾತಷ್ಟೇ ಆಗಿದ್ದರೆ ನಾವು ವಾಚಕರ ಕಾಲವನ್ನು ಹರಣ ಮಾಡುತ್ತಿರಲಿಲ್ಲ. ಜೋಲ್ಪಿಡೆಮ್ ಎಂಬ ನಿದ್ರೆಯ ಗುಳಿಗೆಗೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ದೊರೆಯಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣ, 10 ಮಿಲಿಗ್ರಾಂ. ಹೆಂಗಸರ ದೇಹದಿಂದ ಅದು ಮೆಲ್ಲಗೆ ಹೊರಹೋಗುವುದರಿಂದ, ಬೆಳಿಗ್ಗೆ ಮೋಟಾರು ನಡೆಸುವಾಗಲೂ ಮಂಪರು ಉಳಿಯಬಹುದೆಂದು ಅಲ್ಲಿನ ಸರ್ಕಾರದ ಔಷಧ ಇಲಾಖೆಯು 2013ರಲ್ಲಿ ಅವರ ಪ್ರಮಾಣವನ್ನು 5ಕ್ಕೆ ಇಳಿಸಿತು. ನಡುವೆ ಇಪ್ಪತ್ತೊಂದು ವರ್ಷ! ಇದು ಸಂಪಾದಕರ ತಪ್ಪೆಂದು ನಾವು ಹೇಳುವುದಿಲ್ಲ. ಸ್ತ್ರೀಯರನ್ನು ಕುಳ್ಳಿರಿಸಿದೊಡನೆ ಎಲ್ಲವೂ ಸರಿಹೋಗುವುದೆಂಬ ಭ್ರಮೆಯೂ ನಮಗಿಲ್ಲ. ಆದರೆ, “ಈ ಪ್ರಯೋಗದಲ್ಲಿ ಹೆಂಗಸರೆಷ್ಟು, ಅವರಿಗಾದ ಫಲವೇನು?” ಎಂದು ಲೇಖಕರನ್ನು ಕೇಳುವ ಅಧಿಕಾರವು ಸಂಪಾದಕರಿಗುಂಟು. ಹಾಗೆ ಕೇಳಬೇಕೆಂದು ಯೂರೋಪಿನ ವಿಜ್ಞಾನ ಸಂಪಾದಕರ ಸಂಘದ ಒಂದು ಸಮಿತಿಯು ನಿಯಮಗಳನ್ನು ಬರೆದು ಪ್ರಕಟಿಸಿದ್ದು 2016ರಲ್ಲಿ.