ದುಡಿಮೆಯ ಸ್ಥಳದಲ್ಲಿ ಮದ್ಯವ್ಯಸನ: ಮಾಲೀಕರು ಅರಿಯಬೇಕಾದ ಸಂಗತಿಗಳು

ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸಣ್ಣ ಉದ್ದಿಮೆಗಳಲ್ಲಿ ಮಾಲೀಕರೂ ಕಾರ್ಮಿಕರೂ ಬಹುತೇಕ ಪರಸ್ಪರ ಪರಿಚಿತರು. ಕುಡಿದು ಬಂದ ಕಾರ್ಮಿಕನ ವಿಷಯದಲ್ಲಿ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ: ಕಂಡೂ ಕಾಣದಂತಿರುವುದು, ಇಲ್ಲವೆ ಸಿಟ್ಟಿನ ಭರದಲ್ಲಿ ಲೆಕ್ಕ ಮುಗಿಸಿ ಕಳುಹಿಸುವುದು. ಮೊದಲನೆಯದರಿಂದ ಬೆಲ್ಲದ ಗಾಣ, ಜಿನ್ನಿಂಗ್ ಯಂತ್ರ, ವಿದ್ಯುತ್ ಮಗ್ಗಗಳ ಮುಂದೆ ಅಪಘಾತದ ಭಯ. ಎರಡನೆಯದರಿಂದ ನುರಿತ ಕೆಲಸಗಾರನ ನಷ್ಟ, ಮೇಲೆ ವ್ಯಾಜ್ಯದ ಸಂಭವ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ವ್ಯಸನ ಮಾತ್ರ ಅಳಿಯಲಿಲ್ಲ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ದೇಹವು ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ರಾತ್ರಿ 11ಕ್ಕೆ ಕುಡಿದವನು ಬೆಳಗಿನ 6ರ ಪಾಳಿಗೆ ಬಂದಾಗಲೂ ಅಮಲಿನ ಅಂಶ ಉಳಿದಿರಬಹುದು. ತಣ್ಣೀರಿನ ಸ್ನಾನದಿಂದಾಗಲಿ, ಚಹಾದಿಂದಾಗಲಿ ಅದು ಬೇಗ ಇಳಿಯದು.

ಅಮಲೇ ಅಪಘಾತಕ್ಕೆ ನೇರ ಕಾರಣವಾದರೆ ಮಾಲೀಕನಿಗೆ ಪರಿಹಾರದ ಹೊಣೆಯಿಲ್ಲವೆಂಬ ನಿಯಮ 1923ರ ಕಾಯ್ದೆಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದಲ್ಲಿ ಈ ರಕ್ಷಣೆ ದೊರೆಯದು. ಹಾನಿ ದೊಡ್ಡದಾದಾಗ ಹೊಣೆ ಮಾಲೀಕನದೇ ಎಂಬುದನ್ನು ಮರೆಯಲಾಗದು.

ಆದುದರಿಂದ ಅಮಲಿನಲ್ಲಿದ್ದವನನ್ನು ಆ ದಿನ ಯಂತ್ರದಿಂದ ದೂರವಿರಿಸಿ, ಜೊತೆಗೊಬ್ಬರನ್ನು ಕೊಟ್ಟು ಮನೆಗೆ ತಲುಪಿಸುವುದು ಮೊದಲ ಕೆಲಸ. ಮರುದಿನ ಏಕಾಂತದಲ್ಲಿ ಮಾತನಾಡಿ, ಗೈರುಹಾಜರಿ ಹಾಗೂ ತಪ್ಪುಗಳ ದಾಖಲೆಯನ್ನು ಮುಂದಿಡಬೇಕು. ಶಿಸ್ತುಕ್ರಮ ಅನಿವಾರ್ಯವಾದಲ್ಲಿ ಲಿಖಿತ ಆರೋಪ, ಉತ್ತರಕ್ಕೆ ಅವಕಾಶ, ವಿಚಾರಣೆ ಇವು ಅಗತ್ಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಮಾರ್ಗಸೂಚಿಯು ವ್ಯಸನವನ್ನು ಆರೋಗ್ಯದ ಸಮಸ್ಯೆಯೆಂದು ಪರಿಗಣಿಸಿ, ಗೌಪ್ಯತೆ ಕಾಯಲು ಹೇಳುತ್ತದೆ. ನಿಯಮಗಳು ಆಡಳಿತ ವರ್ಗಕ್ಕೂ ಕಾರ್ಮಿಕರಿಗೂ ಸಮಾನವಾಗಿರಬೇಕೆನ್ನುತ್ತದೆ.

ವರ್ಷಗಟ್ಟಲೆ ನಿತ್ಯ ಕುಡಿದವನು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಾಪಾಯವೂ ಒದಗಬಹುದು. ಆಣೆ ಮಾಡಿಸುವ ಮುನ್ನ ವೈದ್ಯರ ಸಲಹೆ ಬೇಕು. ಧಾರವಾಡದ ಡಿಮ್ಹಾನ್ಸ್ ಸಮೀಪದಲ್ಲಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಊರೂರು ತಿರುಗಿ, ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬಯ್ಯದೆ ಬೇಡಿದ ಆ ರೀತಿ ಕಾರ್ಖಾನೆಗೂ ಸಲ್ಲುವಂಥದು. ಚಿಕಿತ್ಸೆಗೆ ರಜೆ ಕೊಟ್ಟು, ಮರಳಿ ಬಂದವನಿಗೆ ಅದೇ ಕೆಲಸ ಕಾದಿರಿಸುವ ಮಾಲೀಕನು ಒಬ್ಬ ನುರಿತ ಕೆಲಸಗಾರನನ್ನೂ ಒಂದು ಸಂಸಾರವನ್ನೂ ಉಳಿಸಿಕೊಳ್ಳಬಲ್ಲನು.