ಮಾಯದ ಗಾಯ, ಮುಗಿಯದ ಹುಡುಕಾಟ

ಬೆರಳು ಕೊಯ್ದುಕೊಂಡರೆ ವಾರದೊಳಗೆ ಗಾಯ ಮಾಯುತ್ತದೆ. ಮುರಿದ ಮೂಳೆ ಕೆಲವೇ ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಯಕೃತ್ತಿನ ಅರ್ಧ ಭಾಗವನ್ನೇ ಕತ್ತರಿಸಿ ತೆಗೆದರೂ ಅದು ಮತ್ತೆ ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ದೇಹದ ಈ ಸಾಮರ್ಥ್ಯ ಹೃದಯದ ವಿಷಯದಲ್ಲಿ ಮಾತ್ರ ಬಹುಪಾಲು ಕೈಕೊಡುತ್ತದೆ. ತೀವ್ರ ಹೃದಯಾಘಾತವಾದಾಗ ಕೆಲವೇ ಗಂಟೆಗಳಲ್ಲಿ ನೂರು ಕೋಟಿಯಷ್ಟು ಸ್ನಾಯುಕೋಶಗಳು ಸಾಯಬಹುದು. ಅವುಗಳ ಜಾಗವನ್ನು ತುಂಬುವುದು ಮಿಡಿಯುವ ಸ್ನಾಯುವಲ್ಲ, ನಾರಿನಂಥ ಗಡಸು ಕಲೆ. ಉಳಿದ ಸ್ನಾಯುವಿನ ಮೇಲೆ ಹೊರೆ ಹೆಚ್ಚುತ್ತದೆ, ಹೃದಯ ಹಿಗ್ಗುತ್ತದೆ, ಎಷ್ಟೋ ರೋಗಿಗಳಲ್ಲಿ ಅದು ಹೃದಯ ವೈಫಲ್ಯಕ್ಕೆ ತಿರುಗುತ್ತದೆ.

ಆಂಜಿಯೊಪ್ಲಾಸ್ಟಿ ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆಗಳು ರಕ್ತ ಹರಿಯುವ ದಾರಿಯನ್ನು ತೆರವುಗೊಳಿಸುತ್ತವೆ; ಸತ್ತ ಸ್ನಾಯುವನ್ನು ಮರಳಿ ತರುವುದಿಲ್ಲ. ಹಾಗಾದರೆ ಹೊಸ ರಕ್ತನಾಳಗಳನ್ನೂ ಹೊಸ ಸ್ನಾಯುವನ್ನೂ ಬೆಳೆಸಿಕೊಳ್ಳುವಂತೆ ಹೃದಯಕ್ಕೇ ಆದೇಶ ನೀಡಲು ಸಾಧ್ಯವಿಲ್ಲವೇ?

ಅಂಥ ಆದೇಶವನ್ನು ಒಯ್ಯುವ ಪ್ರೋಟೀನುಗಳು ನಮ್ಮ ದೇಹದಲ್ಲೇ ಇವೆ. ಬೆಳವಣಿಗೆ ಅಂಶ ಅಥವಾ ‘ಗ್ರೋತ್ ಫ್ಯಾಕ್ಟರ್’ ಎಂಬುದು ಅವುಗಳ ಹೆಸರು. ಒಂದು ಕೋಶದಿಂದ ಹೊರಟು ಇನ್ನೊಂದು ಕೋಶದ ಬಾಗಿಲು ತಟ್ಟಿ ‘ಬೆಳೆ’, ‘ಇಬ್ಭಾಗವಾಗು’ ಎಂದು ಸೂಚಿಸುವುದು ಅವುಗಳ ಕೆಲಸ. ಇವುಗಳ ಪತ್ತೆಗಾಗಿ ರೀಟಾ ಲೆವಿ-ಮೊಂಟಾಲ್ಚೀನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮೂರು ವರ್ಷಗಳ ಬಳಿಕ, 1989ರಲ್ಲಿ, ರಕ್ತನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನಿನ ಜೀನ್ ಕೈಗೆ ಸಿಕ್ಕಿತು. ಶಸ್ತ್ರಚಿಕಿತ್ಸೆಯಿಲ್ಲದೆ, ಒಳಗಿಂದೊಳಗೇ ಬೆಳೆಯುವ ಬೈಪಾಸ್‌ನ ಕನಸು ಅಲ್ಲಿಂದ ಗರಿಗೆದರಿತು.

ಬಾಸ್ಟನ್ನಿನ ಹೃದ್ರೋಗ ತಜ್ಞ ಜೆಫ್ರಿ ಇಸ್ನರ್ 1990ರ ದಶಕದಲ್ಲಿ ಈ ಜೀನನ್ನು ಮೊದಲು ಕಾಲಿನ ರಕ್ತನಾಳ ಮುಚ್ಚಿಹೋದವರಿಗೆ, ಅನಂತರ ಹೃದ್ರೋಗಿಗಳಿಗೆ ನೀಡಿ ನೋಡಿದರು. ಆರಂಭದ ಚಿಕ್ಕ ಪ್ರಯೋಗಗಳು ಆಸೆ ಹುಟ್ಟಿಸಿದವು. ಎದೆನೋವು ಕಡಿಮೆಯಾಯಿತೆಂದು ರೋಗಿಗಳೇ ಹೇಳಿದರು. ವಿಪರ್ಯಾಸವೆಂದರೆ, ಇಸ್ನರ್ ಅವರೇ 2001ರಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ನಿಜವಾದ ಪರೀಕ್ಷೆ ಆ ಬಳಿಕ ನಡೆಯಿತು. ಎಫ್‌ಜಿಎಫ್-2 ಎಂಬ ಮತ್ತೊಂದು ಬೆಳವಣಿಗೆ ಅಂಶವನ್ನು 337 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2002ರಲ್ಲೂ, ವಿಇಜಿಎಫ್ ಪ್ರೋಟೀನನ್ನು 178 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2003ರಲ್ಲೂ ಪ್ರಕಟವಾದವು. ಎರಡರಲ್ಲೂ ಕೆಲವರಿಗೆ ಔಷಧ, ಉಳಿದವರಿಗೆ ಔಷಧದಂತೆಯೇ ಕಾಣುವ ಹುಸಿಮದ್ದು. ಔಷಧ ಪಡೆದವರು ಮೊದಲಿಗಿಂತ ಹೆಚ್ಚು ಹೊತ್ತು ನಡೆಯಬಲ್ಲವರಾದರು. ಆದರೆ ಹುಸಿಮದ್ದು ಪಡೆದವರೂ ಹಾಗೆಯೇ ಚೇತರಿಸಿಕೊಂಡಿದ್ದರು! ನಿಗದಿಪಡಿಸಿದ್ದ ಮುಖ್ಯ ಅಳತೆಗೋಲಿನಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹುಸಿಮದ್ದಿನ ಗುಂಪು ಇರದಿದ್ದರೆ ಇವೆರಡೂ ಯಶಸ್ವಿ ಔಷಧಗಳೆಂದು ಮೆರೆಯುತ್ತಿದ್ದವೇನೋ.

ಸೋಲಿಗೆ ಕಾರಣಗಳಿವೆ. ರಕ್ತಕ್ಕೆ ಸೇರಿಸಿದ ಈ ಪ್ರೋಟೀನು ಬೇಗನೆ ಕರಗಿಹೋಗುತ್ತದೆ. ಬೇಕಾದ ಜಾಗದಲ್ಲಿ ಬೇಕಾದಷ್ಟು ಕಾಲ ನಿಲ್ಲುವುದಿಲ್ಲ. ಪ್ರಮಾಣ ಅತಿಯಾದರೆ ಹುಟ್ಟುವ ರಕ್ತನಾಳಗಳು ಸೋರುತ್ತವೆ. ಗಟ್ಟಿಯಾದ ರಕ್ತನಾಳ ರೂಪುಗೊಳ್ಳಲು ಒಂದಲ್ಲ, ಹಲವು ಸಂದೇಶಗಳು ಸರಿಯಾದ ಕ್ರಮದಲ್ಲಿ ಬರಬೇಕು. ಗಡ್ಡೆಗಳು ರಕ್ತ ಪೂರೈಕೆಗೆ ಬಳಸಿಕೊಳ್ಳುವುದೂ ಇದೇ ವಿಇಜಿಎಫ್ ಅನ್ನು. ಅದನ್ನು ತಡೆಯುವ ಔಷಧ 2004ರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ಇತ್ತೀಚೆಗೆ ಬೈಪಾಸ್ ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ವಿಇಜಿಎಫ್ ತಯಾರಿಸುವ ಎಂಆರ್‌ಎನ್‌ಎಯನ್ನು ಹೃದಯಕ್ಕೆ ಚುಚ್ಚುವ ಪ್ರಯೋಗ ನಡೆದು, 2023ರಲ್ಲಿ ಅದರ ವರದಿ ಬಂದಿದೆ. ಅದರಲ್ಲಿದ್ದವರು ಕೇವಲ 11 ಮಂದಿ. ಸುರಕ್ಷತೆಯ ಬಗ್ಗೆ ಒಂದಿಷ್ಟು ಭರವಸೆ ಮೂಡಿದೆಯೇ ಹೊರತು ಪರಿಣಾಮದ ತೀರ್ಪು ಬಂದಿಲ್ಲ.

ರಕ್ತನಾಳದ ಕಥೆ ಹೀಗಾದರೆ ಸ್ನಾಯುವಿನದು ಇನ್ನೂ ಜಟಿಲ. ಜೀಬ್ರಾ ಮೀನಿನ ಹೃತ್ಕುಕ್ಷಿಯ ಶೇ 20 ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಮರಳಿ ಬೆಳೆಯುತ್ತದೆಂದು 2002ರಲ್ಲಿ ತಿಳಿಯಿತು. ಒಂದು ದಿನದ ಇಲಿಮರಿಗೂ ಈ ಶಕ್ತಿಯಿದೆ, ಏಳು ದಿನ ತುಂಬುವಷ್ಟರಲ್ಲಿ ಅದು ಕಳೆದುಹೋಗುತ್ತದೆ ಎಂಬುದು 2011ರ ಶೋಧ. ಮನುಷ್ಯರ ಮಟ್ಟಿಗೆ ಉತ್ತರ ದೊರೆತದ್ದು ವಿಚಿತ್ರ ಮೂಲದಿಂದ. ಶೀತಲ ಸಮರದ ಕಾಲದ ಅಣ್ವಸ್ತ್ರ ಪರೀಕ್ಷೆಗಳು ಗಾಳಿಗೆ ಸೇರಿಸಿದ ವಿಕಿರಣಶೀಲ ಇಂಗಾಲವನ್ನು ಕೋಶಗಳಲ್ಲಿ ಅಳೆದು, ಅವುಗಳ ವಯಸ್ಸನ್ನು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಲೆಕ್ಕಹಾಕಿದರು. ಇಪ್ಪತ್ತೈದರ ಹರೆಯದಲ್ಲಿ ವರ್ಷಕ್ಕೆ ಶೇ 1ರಷ್ಟು, ಎಪ್ಪತ್ತೈದರಲ್ಲಿ ಶೇ 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ. ಹೃದಯದ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ತೆರೆದಿರುವುದು ಕೂದಲೆಳೆಯಷ್ಟು ಮಾತ್ರ.

ಅದನ್ನು ಬಲವಂತವಾಗಿ ತಳ್ಳಿದರೇನಾದೀತು? 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ನಾಯುಕೋಶಗಳ ವಿಭಜನೆಯನ್ನು ಪ್ರಚೋದಿಸುವ ಮೈಕ್ರೊಆರ್‌ಎನ್‌ಎಯನ್ನು ಹೃದಯಾಘಾತಕ್ಕೀಡಾದ ಹಂದಿಗಳಿಗೆ ನೀಡಲಾಯಿತು. ಕಲೆ ಕುಗ್ಗಿತು, ಮಿಡಿತ ಸುಧಾರಿಸಿತು. ಆದರೆ ಆ ಸಂದೇಶ ನಿಲ್ಲದೆ ಮುಂದುವರಿದಾಗ, ಚಿಕಿತ್ಸೆ ಪಡೆದ ಹಂದಿಗಳಲ್ಲಿ ಹೆಚ್ಚಿನವು ಹೃದಯದ ಲಯ ತಪ್ಪಿ ಹಠಾತ್ತನೆ ಸತ್ತವು. ಬೆಳೆಯಲು ಹೇಳುವುದಕ್ಕಿಂತ, ನಿಲ್ಲಲು ಹೇಳುವುದು ಕಷ್ಟ.

ಈ ಮಾತುಗಳು ಸಂಶೋಧನೆಯನ್ನು ಹಳಿಯಲು ಅಲ್ಲ. ಸೋತ ಪ್ರಯೋಗವನ್ನು ಸೋತಿತೆಂದೇ ಪ್ರಕಟಿಸುವುದು ವಿಜ್ಞಾನದ ಘನತೆ. ಅದರ ಫಲ ರೋಗಿಗೂ ದಕ್ಕಬೇಕು. ಹತಾಶ ಕುಟುಂಬವೊಂದರ ಮುಂದೆ ‘ಹೃದಯವನ್ನು ಮತ್ತೆ ಬೆಳೆಸುವ’ ದುಬಾರಿ ಚಿಕಿತ್ಸೆಯ ಆಮಿಷ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಹುಸಿಮದ್ದಿನೊಡನೆ ಹೋಲಿಸಿ ನೋಡಲಾಗಿದೆಯೇ?

ಸತ್ತ ಸ್ನಾಯುವನ್ನು ಎಬ್ಬಿಸುವ ಮದ್ದು ಬರುವತನಕ, ಅದು ಸಾಯದಂತೆ ನೋಡಿಕೊಳ್ಳುವುದೇ ನಮ್ಮ ಮುಂದಿರುವ ದಾರಿ. ಅದರ ವಿದ್ಯೆ ಈಗಾಗಲೇ ಕೈಯಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ್ದು ಇದೇ ಕಾರಣಕ್ಕೆ. ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಬೆಳಗಿನವರೆಗೆ ಕಾಯುವ ಮನೆಯಲ್ಲಿ ಕಳೆದುಹೋಗುವ ಸ್ನಾಯುವನ್ನು ಮರಳಿ ತರಬಲ್ಲ ಬೆಳವಣಿಗೆ ಅಂಶ ಇಂದಿಗೂ ಯಾವ ಪ್ರಯೋಗಾಲಯದಲ್ಲೂ ಸಿದ್ಧವಾಗಿಲ್ಲ.