ಹುಳಿಯನ್ನೇ ಬೆಳೆದು ಮಾರುವವರು: ಚಳಿನಾಡಿನ ವೈನರಿಯೊಂದು ನನ್ನ ದ್ರಾಕ್ಷಿ ತೋಟಕ್ಕೆ ಕಲಿಸಿದ್ದು

ಕಳೆದ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಕೊಯ್ಲಿಗೆ ಬಂದಾಗ ವ್ಯಾಪಾರಿ ತೋಟಕ್ಕೆ ಬಂದ. ಒಂದು ಹಣ್ಣು ಹಿಚುಕಿ ಬ್ರಿಕ್ಸ್ ಮೀಟರ್ ಮೇಲೆ ರಸ ಬಿಟ್ಟ. ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ಹುಳಿ ಜಾಸ್ತಿ ಐತೆ ಸ್ವಾಮಿ, ಮಾತಾಡಿದ ರೇಟಿಗೆ ಆಗಲ್ಲ" ಅಂದ. ಕೆಜಿಗೆ 4 ರೂಪಾಯಿ ಅಲ್ಲೇ ಹೋಯಿತು. ಎರಡು ಎಕರೆ ತೋಟ, ಲೆಕ್ಕ ನೀವೇ ಹಾಕಿಕೊಳ್ಳಿ.

ಅದೇ ವಾರ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದ. ಜೊತೆಗೆ ಒಂದು ಬಾಟಲಿ ವೈನ್ ತಂದಿದ್ದ. ಅಲ್ಲಿನ ಕ್ಯೂಕಾ ಸರೋವರದ ದಂಡೆಯಲ್ಲಿರುವ ಡಾ. ಕಾನ್‌ಸ್ಟಾಂಟಿನ್ ಫ್ರಾಂಕ್ ವೈನರಿಯ ಸೆಮಿ ಡ್ರೈ ರೀಸ್ಲಿಂಗ್. ಅಮ್ಮ ಮೆಣಸಿನಕಾಯಿ ಬಜ್ಜಿ ಕರಿದಿದ್ದಳು. ಬಜ್ಜಿ ಕಚ್ಚಿ ಒಂದು ಗುಟುಕು ಕುಡಿದೆ. ಬಾಯಿಯ ಉರಿ ಇಳಿಯಿತು, ಎಣ್ಣೆ ಜಿಡ್ಡು ಹೋಯಿತು, ಕೈ ತಾನಾಗಿ ಇನ್ನೊಂದು ಬಜ್ಜಿಗೆ ಹೋಯಿತು. ಆದರೆ ಆ ವೈನಿನಲ್ಲಿ ನಿಂಬೆ ಹಿಂಡಿದಂಥ ಹುಳಿ! ನನ್ನ ಹಣ್ಣಿನ ಬೆಲೆ ಇಳಿಸಿದ್ದು ಹುಳಿ. ಈ ಬಾಟಲಿಗೆ ಬೆಲೆ ತಂದಿದ್ದೂ ಹುಳಿ.

ತಮ್ಮ ಬಾಟಲಿ ತಿರುಗಿಸಿ ನೋಡ್ತಾ ಕೇಳಿದ, "ಅಣ್ಣಾ, ಹಳೇ ಬಳ್ಳಿ ಕಿತ್ತು ಈ ರೀಸ್ಲಿಂಗ್ ಹಾಕೋಣ್ವಾ?" ಉತ್ತರ ಕೊಡುವ ಮೊದಲು ಆ ವೈನರಿ ಬಗ್ಗೆ ಕೂತು ಓದಿದೆ. ಓದಿ ತಿಳಿದದ್ದನ್ನು ನಿಮಗೂ ಹೇಳ್ತೀನಿ.

ಒಬ್ಬ ಹಠಮಾರಿಯ ತೋಟ

ನ್ಯೂಯಾರ್ಕ್ ಅಂದ ಕೂಡಲೇ ನಮಗೆ ಎತ್ತರದ ಕಟ್ಟಡಗಳು ನೆನಪಾಗುತ್ತವೆ. ಆದರೆ ಆ ರಾಜ್ಯದ ಒಳಭಾಗದಲ್ಲಿ ಕೈಬೆರಳು ಚಾಚಿದ ಹಾಗೆ 11 ಉದ್ದನೆಯ ಸರೋವರಗಳಿವೆ. ಆ ಸೀಮೆಗೆ ಫಿಂಗರ್ ಲೇಕ್ಸ್ ಅಂತಲೇ ಹೆಸರು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತೆ, ತಾಪಮಾನ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತೆ. ಯುರೋಪಿನ ವೈನ್ ದ್ರಾಕ್ಷಿ, ಅಂದ್ರೆ ವಿನಿಫೆರಾ ಜಾತಿ, ಆ ಚಳಿಗೆ ಬದುಕಲ್ಲ ಅನ್ನೋದೇ ಬಹಳ ಕಾಲ ಎಲ್ಲರ ನಂಬಿಕೆಯಾಗಿತ್ತು. ಕಾನ್‌ಕಾರ್ಡ್, ಕಟಾಬಾದಂಥ ಅಮೆರಿಕದ್ದೇ ಲಬ್ರುಸ್ಕಾ ತಳಿಗಳನ್ನೂ, ಎರಡನ್ನೂ ಬೆರೆಸಿದ ಹೈಬ್ರಿಡ್‌ಗಳನ್ನೂ ಬೆಳೆಯುತ್ತಿದ್ದರು.

ಅಂದ ಹಾಗೆ, ನಮ್ಮ ಬೆಂಗಳೂರು ಬ್ಲೂ ಕೂಡ ಆ ಲಬ್ರುಸ್ಕಾ ವಂಶದ್ದೇ. ದಪ್ಪ ಸಿಪ್ಪೆ, ದೂರದಿಂದಲೇ ಮೂಗಿಗೆ ಬಡಿಯುವ ಆ ವಾಸನೆ ಅಲ್ಲಿಂದಲೇ ಬಂದದ್ದು.

ಕಾನ್‌ಸ್ಟಾಂಟಿನ್ ಫ್ರಾಂಕ್ ಉಕ್ರೇನಿನಲ್ಲಿ ದ್ರಾಕ್ಷಿ ಕೃಷಿ ಓದಿ ಡಾಕ್ಟರೇಟ್ ಪಡೆದವರು. 1951ರಲ್ಲಿ ಹೆಂಡತಿ ಮಕ್ಕಳ ಜೊತೆ ಅಮೆರಿಕಕ್ಕೆ ವಲಸೆ ಹೋದಾಗ ಅವರಿಗೆ 50 ದಾಟಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲು ಪಾತ್ರೆ ತೊಳೆದರು, ಆಮೇಲೆ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಕೂಲಿ ಕೆಲಸಕ್ಕೆ ಸೇರಿದರು. ಉಕ್ರೇನಿನ ಇನ್ನೂ ಕಠಿಣ ಚಳಿಯಲ್ಲೇ ವಿನಿಫೆರಾ ಬೆಳೆದಿದ್ದ ಅವರು, ತಪ್ಪು ಚಳಿಯದ್ದಲ್ಲ, ಬೇರಿನದ್ದು ಅಂತ ವಾದಿಸಿದರು. ಅವರ ಮಾತು ನಂಬಿದವರು ಗೋಲ್ಡ್ ಸೀಲ್ ಎಂಬ ವೈನ್ ಕಂಪನಿಯ ಮುಖ್ಯಸ್ಥ, ಫ್ರಾನ್ಸ್ ಮೂಲದ ಚಾರ್ಲ್ಸ್ ಫೂರ್ನಿಯೆ.

ಇಬ್ಬರೂ ಸೇರಿ ಚಳಿ ತಾಳುವ ಬೇರುಸಸಿ, ನಾವು ರೂಟ್‌ಸ್ಟಾಕ್ ಅಂತೀವಲ್ಲ, ಅದನ್ನು ಹುಡುಕುತ್ತಾ ಕೆನಡಾದ ಕ್ವಿಬೆಕ್‌ವರೆಗೂ ಹೋದರು. ಅಲ್ಲಿನ ಒಂದು ಕ್ರೈಸ್ತ ಮಠದ ತೋಟದಲ್ಲಿ ಬೇಕಾದದ್ದು ಸಿಕ್ಕಿತು. ಲೆಕ್ಕಾಚಾರ ಸರಳ: ಚಳಿ ಶುರುವಾಗುವ ಮೊದಲೇ ಬಳ್ಳಿಯ ಹಸಿರು ಕಡ್ಡಿ ಬಲಿತು ಗಟ್ಟಿಯಾಗಬೇಕು. ಬೇಗ ಬಲಿಯುವಂತೆ ಮಾಡುವ ಬೇರು ಕೆಳಗಿದ್ದರೆ ಮೇಲಿನ ತಳಿ ಉಳಿಯುತ್ತೆ.

1957ರ ಫೆಬ್ರವರಿಯಲ್ಲಿ ತಾಪಮಾನ ಸುಮಾರು ಮೈನಸ್ 32 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಗಟ್ಟಿ ಅಂದುಕೊಂಡಿದ್ದ ಸ್ಥಳೀಯ ಬಳ್ಳಿಗಳೂ ಪೆಟ್ಟು ತಿಂದವು. ಫ್ರಾಂಕ್ ಕಸಿ ಮಾಡಿದ್ದ ರೀಸ್ಲಿಂಗ್, ಶಾರ್ಡನೇ ಬಳ್ಳಿಗಳ ಕಣ್ಣುಗಳು ಮಾತ್ರ ಬಹುಪಾಲು ಉಳಿದವು. 1962ರಲ್ಲಿ ಅವರು ಕ್ಯೂಕಾ ದಂಡೆಯ ಇಳಿಜಾರಿನಲ್ಲಿ ಸ್ವಂತ ವೈನರಿ ಕಟ್ಟಿದರು. ಈಗಲೂ ಅದೇ ಮನೆತನ ಅದನ್ನು ನಡೆಸುತ್ತಿದೆ.

ಸರೋವರ ಕಾಯುವ ಬಳ್ಳಿ

ಬೇರು ಒಂದೇ ಸಾಲದು, ಜಾಗವೂ ಬೇಕು. ಕ್ಯೂಕಾ ಸರೋವರ ಸುಮಾರು 57 ಮೀಟರ್ ಆಳ. ಪಕ್ಕದ ಸೆನೆಕಾ 188 ಮೀಟರ್. ಅಷ್ಟು ನೀರು ಬೇಸಿಗೆಯ ಶಾಖವನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ನಿಧಾನವಾಗಿ ಬಿಡುತ್ತೆ. ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಕೆಳಗೆ ಜಾರಿ ಹೋಗುತ್ತೆ; ನೀರಿನ ಮೇಲಿನ ಬೆಚ್ಚನೆ ಗಾಳಿ ತೋಟಕ್ಕೆ ಬರುತ್ತೆ. ವಸಂತದಲ್ಲಿ ಇದರ ತಿರುಗುಮುರುಗು. ನೀರು ಇನ್ನೂ ತಣ್ಣಗಿರುವುದರಿಂದ ಕಣ್ಣು ಬೇಗ ಒಡೆಯಲ್ಲ, ಹಾಗಾಗಿ ತಡವಾಗಿ ಬರುವ ಹಿಮದ ಏಟು ತಪ್ಪುತ್ತೆ.

ಇಷ್ಟಾದರೂ ರೈತನಿಗೆ ನಿಶ್ಚಿಂತೆ ಇಲ್ಲ. ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಕಸಿ ಗಂಟಿನ ಮೇಲೆ ಮಣ್ಣು ಏರಿಸುತ್ತಾರೆ, ವಸಂತದಲ್ಲಿ ಬಿಡಿಸುತ್ತಾರೆ. ಮೇಲಿನ ಬಳ್ಳಿ ಸತ್ತರೂ ಮಣ್ಣೊಳಗಿನ ಕಣ್ಣಿಂದ ಅದೇ ತಳಿ ಮತ್ತೆ ಚಿಗುರಲಿ ಅಂತ. 2023ರ ಮೇ ತಿಂಗಳ ಒಂದು ರಾತ್ರಿಯ ಹಿಮ ಆ ಸೀಮೆಯ ಎಷ್ಟೋ ತೋಟಗಳ ಚಿಗುರು ಸುಟ್ಟಿತು. ಕಷ್ಟ ನಮಗೊಬ್ಬರಿಗೇ ಅಲ್ಲ.

ಆ ಹುಳಿ ಎಲ್ಲಿಂದ ಬರುತ್ತೆ?

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ: ಟಾರ್ಟಾರಿಕ್ ಮತ್ತು ಮ್ಯಾಲಿಕ್. ಟಾರ್ಟಾರಿಕ್ ಸುಲಭಕ್ಕೆ ಕರಗಲ್ಲ. ಮ್ಯಾಲಿಕ್ ಹಾಗಲ್ಲ, ಹಣ್ಣು ಉಸಿರಾಡುವಾಗ ಅದನ್ನು ಖರ್ಚು ಮಾಡುತ್ತೆ. ಸೆಕೆ ಹೆಚ್ಚಾದಷ್ಟೂ ಖರ್ಚು ಹೆಚ್ಚು. ಕ್ಯೂಕಾದಲ್ಲಿ ರೀಸ್ಲಿಂಗ್ ಹಣ್ಣಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ದಿನದಿಂದ ದಿನಕ್ಕೆ ತಂಪು ಏರುವ ಕಾಲ. ಸಿಹಿ ನಿಧಾನಕ್ಕೆ ಕೂಡುತ್ತೆ, ಹುಳಿ ಉಳಿದುಕೊಳ್ಳುತ್ತೆ. ನಮ್ಮಲ್ಲಿ ಅಕ್ಟೋಬರ್ ಪ್ರೂನಿಂಗ್ ಹಣ್ಣು ಪಕ್ವವಾಗುವುದು ಬಿಸಿಲು ಏರುತ್ತಿರುವಾಗ. ಸಿಹಿ ಓಡುತ್ತೆ, ಹುಳಿ ಕುಸಿಯುತ್ತೆ.

ಬಾಟಲಿ ಹಿಂದೆ ತಮ್ಮ ಒಂದು ಗೆರೆ ತೋರಿಸಿದ. ಒಂದು ತುದಿಯಲ್ಲಿ 'ಡ್ರೈ', ಇನ್ನೊಂದು ತುದಿಯಲ್ಲಿ 'ಸ್ವೀಟ್', ನಡುವೆ ಒಂದು ಗುರುತು. ಇದು ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ಮಾಡಿದ ಅಳತೆ. ಅವರು ಸಕ್ಕರೆಯೊಂದನ್ನೇ ನೋಡಲ್ಲ, ಸಕ್ಕರೆಯನ್ನು ಹುಳಿಯಿಂದ ಭಾಗಿಸುತ್ತಾರೆ. ಉತ್ತರ 1ಕ್ಕಿಂತ ಕಡಿಮೆ ಇದ್ದರೆ ಡ್ರೈ, 2ರವರೆಗೆ ಮೀಡಿಯಂ ಡ್ರೈ, 4ರವರೆಗೆ ಮೀಡಿಯಂ ಸ್ವೀಟ್, ಅದರ ಮೇಲೆ ಸ್ವೀಟ್. ಪಿಎಚ್ ನೋಡಿ ಒಂದಿಷ್ಟು ಹೊಂದಿಸುತ್ತಾರೆ.

ಉದಾಹರಣೆಗೆ ಎರಡು ವೈನ್‌ನಲ್ಲೂ ಲೀಟರಿಗೆ 18 ಗ್ರಾಂ ಸಕ್ಕರೆ ಇದೆ ಅನ್ನಿ. ಒಂದರಲ್ಲಿ 9 ಗ್ರಾಂ ಹುಳಿ ಇದ್ದರೆ ಉತ್ತರ 2. ಇನ್ನೊಂದರಲ್ಲಿ 5 ಗ್ರಾಂ ಹುಳಿ ಇದ್ದರೆ 3.6. ಸಕ್ಕರೆ ಅಷ್ಟೇ, ನಾಲಿಗೆಗೆ ಮಾತ್ರ ಎರಡನೆಯದು ಹೆಚ್ಚು ಸಿಹಿ. ಒಂದೇ ಬ್ರಿಕ್ಸ್ ಮೀಟರ್ ಹಿಡಿದು ಬರುವ ವ್ಯಾಪಾರಿಗೆ ಈ ಅರ್ಧ ಕಥೆ ಕಾಣೋದೇ ಇಲ್ಲ.

ಯಾವ ವೈನಿಗೆ ಯಾವ ಊಟ

ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಅಂತಾರೆ ನಮ್ಮಲ್ಲಿ. ಚಳಿನಾಡಿನ ವೈನರಿಗಳಿಗೆ ಈ ಮಾತು ಚೆನ್ನಾಗಿ ಗೊತ್ತು. ಹುಳಿ ವೈನನ್ನು ಬರೀ ಬಾಯಲ್ಲಿ ಕುಡಿದರೆ ಹಲ್ಲು ಜುಮ್ ಅನ್ನುತ್ತೆ. ತಟ್ಟೆ ಪಕ್ಕ ಇಟ್ಟರೆ ನಿಂಬೆಹೋಳಿನ ಕೆಲಸ ಮಾಡುತ್ತೆ. ಹಾಗಾಗಿ ಅವರು ಬಾಟಲಿ ಜೊತೆ ಊಟದ ಸಲಹೆಯನ್ನೂ ಕೊಡುತ್ತಾರೆ.

- ಡ್ರೈ ರೀಸ್ಲಿಂಗ್: ಸಿಹಿ ಕಡಿಮೆ, ಹುಳಿ ಮುಂದೆ. ಸಿಹಿನೀರಿನ ಮೀನು, ಆಡಿನ ಹಾಲಿನ ಚೀಸ್. ನಾವು ಕರಿದ ಮೀನಿಗೆ ನಿಂಬೆ ಹಿಂಡುವುದೂ ಇದೇ ಲೆಕ್ಕ.
- ಸೆಮಿ ಡ್ರೈ ರೀಸ್ಲಿಂಗ್: ಖಾರದ ಊಟಕ್ಕೆ ಇದೇ ಸರಿ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತೆ, ಸಣ್ಣ ಸಿಹಿ ಅದನ್ನು ಇಳಿಸುತ್ತೆ. ಚಳಿನಾಡಿನ ರೀಸ್ಲಿಂಗ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಕಡಿಮೆ.
- ಗೆವುರ್ಟ್ಸ್‌ಟ್ರಾಮಿನರ್: ಗುಲಾಬಿ, ಲಿಚಿಯಂಥ ಘಮ. ಶುಂಠಿ, ಚಕ್ಕೆ, ಲವಂಗ ಬಿದ್ದ ಅಡುಗೆಗೆ ಹೊಂದುತ್ತೆ.
- ನೊರೆ ಬರುವ ಸ್ಪಾರ್ಕ್ಲಿಂಗ್: ಉಪ್ಪು ಮತ್ತು ಎಣ್ಣೆ ಇದರ ಗೆಳೆಯರು. ಆಲೂ ಚಿಪ್ಸ್, ಪಕೋಡ, ಬೋಂಡ.
- ಕ್ಯಾಬರ್ನೆ ಫ್ರಾಂಕ್: ಚಳಿಗೂ ಸಾಕಷ್ಟು ತಾಳುವ ಕೆಂಪು ತಳಿ. ಸುಟ್ಟ ಮಾಂಸಕ್ಕೆ ಸರಿ. ಕೆಂಪು ವೈನಿನ ಒಗರು, ಜಾಸ್ತಿ ಖಾರ ಎರಡೂ ಸೇರಿದರೆ ಬಾಯಿ ಕೆಡುತ್ತೆ.

ನೆನಪಿಡಬೇಕಾದ ಸೂತ್ರ ಒಂದೇ: ವೈನಿನ ಹುಳಿ ಊಟದ ಹುಳಿಗಿಂತ ಕಡಿಮೆ ಇರಬಾರದು. ಹುಣಸೆಹಣ್ಣಿನ ಸಾರಿನ ಮುಂದೆ ಹುಳಿ ಇಲ್ಲದ ವೈನ್ ನೀರಾಗುತ್ತೆ.

ಹಾಗಾದರೆ ರೀಸ್ಲಿಂಗ್ ಹಾಕೋಣ್ವಾ?

ಬೇಡ ಅಂತ ತಮ್ಮನಿಗೆ ಹೇಳಿದೆ. ನಾಸಿಕದಲ್ಲಿ ರೀಸ್ಲಿಂಗ್ ವೈನ್ ಮಾಡಿದವರಿದ್ದಾರೆ, ಬಳ್ಳಿ ಬದುಕಲ್ಲ ಅಂತಲ್ಲ. ಆದರೆ ಕ್ಯೂಕಾದ ಹುಳಿ ಬರುವುದು ತಳಿಯೊಂದರಿಂದಲ್ಲ, ಅಲ್ಲಿನ ತಂಪು ಶರತ್ಕಾಲದಿಂದ. ಅದನ್ನು ಗೊಬ್ಬರದ ಅಂಗಡಿಯಲ್ಲಿ ತರೋಕಾಗಲ್ಲ. ಜೊತೆಗೆ ಕೊಳ್ಳುವ ವೈನರಿಯ ಲಿಖಿತ ಒಪ್ಪಂದ ಕೈಯಲ್ಲಿಲ್ಲದೆ ವೈನ್ ತಳಿ ನಾಟಿ ಮಾಡುವುದು ದುಡ್ಡನ್ನು ಮಣ್ಣಲ್ಲಿ ಹೂತ ಹಾಗೆ. ವೈನ್ ದ್ರಾಕ್ಷಿ ಕಾಯಿ ಚಿಕ್ಕದು, ಸಂತೆಯಲ್ಲಿ ತಿನ್ನೋಕೆ ಯಾರೂ ಕೊಳ್ಳಲ್ಲ.

ಫ್ರಾಂಕ್ ಅವರಿಂದ ಕಲಿಯಬೇಕಾದ್ದು ತಳಿ ಅಲ್ಲ, ಕ್ರಮ. ಮೊದಲು ಬೇರು, ಆಮೇಲೆ ಜಾಗ, ಕೊನೆಗೆ ತಳಿ. ನಮ್ಮಲ್ಲೂ ಉಪ್ಪು ಮತ್ತು ಬರ ತಾಳಲಿ ಅಂತ ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡುತ್ತೇವಲ್ಲ, ಅದೂ ಅಮೆರಿಕದ ಟೆಕ್ಸಾಸ್ ಕಡೆಯ ಕಾಡುಬಳ್ಳಿಯೇ.

ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಅದೇ ಫಿಂಗರ್ ಲೇಕ್ಸ್ ಸೀಮೆಯ ನೇಪಲ್ಸ್ ಎಂಬ ಚಿಕ್ಕ ಊರು ಕಾನ್‌ಕಾರ್ಡ್ ದ್ರಾಕ್ಷಿಯ ಪೈಗೆ ಹೆಸರುವಾಸಿ. ಪೈ ಅಂದ್ರೆ ಹಣ್ಣಿನ ಹೂರಣ ತುಂಬಿ ಬೇಯಿಸಿದ ತಿಂಡಿ. ಪ್ರತಿ ಶರತ್ಕಾಲ ಅಲ್ಲಿ ದ್ರಾಕ್ಷಿ ಹಬ್ಬವೂ ಆಗುತ್ತೆ. ಅಂದ್ರೆ ನಮ್ಮ ಬೆಂಗಳೂರು ಬ್ಲೂನ ನೆಂಟನೇ ಅಲ್ಲಿ ಊರಿನ ಗುರುತು! 1970ರ ದಶಕದಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಹಣ್ಣು ಕೊಳ್ಳುವುದು ಕಡಿಮೆ ಮಾಡಿದಾಗ ರೈತರು ನಮ್ಮ ಹಾಗೇ ಒದ್ದಾಡಿದರು. 1976ರಲ್ಲಿ ನ್ಯೂಯಾರ್ಕ್ ಸರ್ಕಾರ ಫಾರ್ಮ್ ವೈನರಿ ಕಾಯ್ದೆ ತಂದು, ಬೆಳೆಗಾರ ತನ್ನ ತೋಟದಲ್ಲೇ ವೈನ್ ಮಾಡಿ ನೇರವಾಗಿ ಗ್ರಾಹಕರಿಗೆ ಮಾರುವ ದಾರಿ ಸುಲಭ ಮಾಡಿತು. ನಮ್ಮಲ್ಲೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಿದೆ, ಕರ್ನಾಟಕ ವೈನ್ ಬೋರ್ಡ್ ಇದೆ. ಆದರೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ವೈನ್ ಮಾಡಿ ಮಾರೋದು ಅಪರಾಧ, ಆ ಸಾಹಸ ಬೇಡ. ಜ್ಯೂಸ್, ಜಾಮ್, ಸ್ಕ್ವಾಷ್‌ಗೆ ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ಶುರು ಮಾಡಬಹುದು.

ಮುಂದಿನ ಬೆಳೆಗೆ ನೀವು ಮಾಡಬಹುದಾದ್ದು

1. ಹಣ್ಣಿಗೆ ಬಣ್ಣ ತಿರುಗಿದ ದಿನದಿಂದ ವಾರಕ್ಕೊಮ್ಮೆ ತೋಟದ ಬೇರೆ ಬೇರೆ ಕಡೆಯ ಹಣ್ಣು ಬೆರೆಸಿ ಬ್ರಿಕ್ಸ್ ನೋಡಿ. ಫೋಟೊ ಸಮೇತ ಮೊಬೈಲ್‌ನಲ್ಲಿ ಬರೆದಿಡಿ.
2. ಹುಳಿಯನ್ನೂ ಅಳೆಯಿರಿ. 10 ಮಿಲಿ ರಸಕ್ಕೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಫಿನಾಲ್ಫ್ತಲೀನ್ ಹನಿ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಬಿಡಿ. ಖರ್ಚಾದ ಮಿಲಿಯನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಹುಳಿ ಅಂತ ಬರುತ್ತೆ. ಈ ದ್ರಾವಣ ಚರ್ಮ ಸುಡುತ್ತೆ, ಕೈಗವಸು ಹಾಕಿ. ಮೊದಲ ಸಲ ಕೃಷಿ ವಿಜ್ಞಾನ ಕೇಂದ್ರದವರ ಎದುರು ಕಲಿಯಿರಿ.
3. ಬಿಸಿಲು ಏರುವ ಮೊದಲೇ, ಮುಂಜಾನೆ ಕೊಯ್ಯಿರಿ. ಹಣ್ಣು ತಂಪಾಗಿದ್ದರೆ ಬೇಗ ಕೆಡಲ್ಲ.
4. ಬೇರು, ತಳಿ ಬದಲಿಸುವ ಮೊದಲು ಹೆಸರಘಟ್ಟದ ಐಐಎಚ್‌ಆರ್ ಅಥವಾ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನು ಕೇಳಿ. ಒಂದು ಸಾಲಲ್ಲಿ ಪ್ರಯೋಗ ಮಾಡಿ, ಇಡೀ ತೋಟದಲ್ಲಿ ಬೇಡ.

ಮುಂದಿನ ಕೊಯ್ಲಿಗೆ ಅದೇ ವ್ಯಾಪಾರಿ ಬರ್ತಾನೆ. ಈ ಸಲ ಅವನ ಮೀಟರ್ ಪಕ್ಕ ನನ್ನ ಎರಡು ತಿಂಗಳ ಲೆಕ್ಕವೂ ಇರುತ್ತೆ. "ಹುಳಿ ಜಾಸ್ತಿ" ಅಂದ್ರೆ "ಎಷ್ಟು?" ಅಂತ ಕೇಳ್ತೀನಿ. ಜ್ಯೂಸ್ ಮಾಡುವ ಇಬ್ಬರಿಗೆ ಈಗಾಗಲೇ ಸ್ಯಾಂಪಲ್ ಕೊಡುವ ಮಾತಾಗಿದೆ. ಅವರಿಗೆ ಬೇಕಿರುವುದೇ ಆ ಹುಳಿ. ಬಳ್ಳಿ ಕೀಳುವ ವಿಷಯ ತಮ್ಮ ಮತ್ತೆ ಎತ್ತಿಲ್ಲ. ಈಗ ಪ್ರತಿ ಭಾನುವಾರ ರಸ ಹಿಂಡಿ ಅಳೆಯುವವನು ಅವನೇ.